ಷರಾ

ಬೆಳ್ಯಪ್ಪ ಮಾವ ಸೊಸೈಟಿಗೆ ಬಂದದ್ದು ಗೊಬ್ಬರಕ್ಕಲ್ಲ.
ಮೇಜಿನ ಮೇಲೊಂದು ಚೆಂಡು ಇಟ್ಟರು,
ಕೋಳಿಮೊಟ್ಟೆಗಿಂತ ಚಿಕ್ಕದು, ಮೈತುಂಬ ಸಿಡುಬಿನ ಕಲೆ.
ಉರುಳಿ ನನ್ನ ರಸೀದಿ ಪುಸ್ತಕಕ್ಕೆ ತಾಗಿ ನಿಂತಿತು.
'ಸಾಲಕ್ಕೊಂದು ಅಂದಾಜು ಪಟ್ಟಿ ಬರೆದುಕೊಡು ಮಗಳೇ,
ದೊಡ್ಡ ಗದ್ದೆಯಲ್ಲಿ ಡ್ರೈವಿಂಗ್ ರೇಂಜ್.'
ಕಾರು ಕಲಿಸುವ ಶಾಲೆಯೋ ಅಂದುಕೊಂಡಳು
ಪಕ್ಕದ ಕೌಂಟರಿನ ಫಿಲೋಮಿನಾ.

ಉದ್ದ ಇನ್ನೂರೈವತ್ತು ಗಜ, ಅಗಲ ಎಂಬತ್ತು.
ಟೇಪು ಬೇಡವೆಂದರು.
ನಾಟಿ ಮುಗಿದ ದಿನ ಆ ಗದ್ದೆಯ ನಡುವೆ
ನೆಡದೆ ಬಿಟ್ಟ ಪಟ್ಟಿಯಲ್ಲಿ ಓಡಿ ಗೆದ್ದವರು ಅವರು,
ಮೂರು ಸಲ. ಬಹುಮಾನ ಒಂದು ಬಾಳೆಗೊನೆ.
ಆ ದೂರ ಅವರ ಮೀನಖಂಡಕ್ಕೆ ಗೊತ್ತು.
ಹನ್ನೊಂದು ವರ್ಷದಿಂದ ಅಲ್ಲಿ ನಾಟಿ ಇಲ್ಲ:
ಆಳು ಸಿಗದ್ದಕ್ಕೆ ಒಂದು ವರ್ಷ,
ಆನೆ ತುಳಿದದ್ದಕ್ಕೆ ಒಂದು,
ಉಳಿದ ಒಂಬತ್ತು ಸುಮ್ಮನೆ.

ಕಬ್ಬಿಣದ ಕಂಬ ಇಪ್ಪತ್ತೆರಡು, ನಲವತ್ತು ಅಡಿಯವು.
ವಿರಾಜಪೇಟೆಯ ವೆಲ್ಡಿಂಗಿನ ಮೊಯ್ದು
ಗದ್ದೆಗೆ ಕೋಲು ಊರಿ ನೋಡಿ ದರ ಏರಿಸಿದನಂತೆ:
'ಮೂರಡಿ ಕೆಳಗೂ ಕೆಸರೇ. ಕಾಂಕ್ರೀಟು ಕುಡಿಯುತ್ತದೆ ಇದು.'
ಒಂಬತ್ತು ಲಕ್ಷ. ಬಲೆ ಬೇರೆ, ನಾಲ್ಕೂಕಾಲು.
ನಿಂತು ಹೊಡೆಯುವ ಚಾಪೆ ಎಂಟು,
ಒಂದೊಂದರ ಬೆಲೆಗೆ ಒಂದೊಂದು ಹಸು ಬರುತ್ತದೆ.
ತಗಡಿನ ಮಾಡು, ದೀಪ, ಕರೆಂಟಿನ ಠೇವಣಿ.
ಚೆಂಡು ಆರು ಸಾವಿರ, ಹಳತೇ ಸಾಕು,
ಹದಿನೆಂಟು ರೂಪಾಯಿಗೊಂದು;
ಕೂಡಿದರೆ ನೂರೆಂಟು ಸಾವಿರ.
'ಒಳ್ಳೆ ಸಂಖ್ಯೆ ಬಂತಲ್ಲ' ಎಂದು ನಕ್ಕರು.

ಗದ್ದೆಯನ್ನು ಗದ್ದೆಯಲ್ಲ ಎಂದು ಬರೆಸುವ ಖರ್ಚು?
ಪೆನ್ನು ಅಲ್ಲಿ ನಿಂತಿತು. ಅದಕ್ಕೆ ದರಪಟ್ಟಿ ಇಲ್ಲ.
ಮಾವ ಕಿಟಕಿಯಾಚೆ ನೋಡಿದರು.
'ಸದ್ಯಕ್ಕೆ ಇತರೆ ಅಂತ ಹಾಕು.'

ಆನೆಗೆ? ಹೊಳೆಯ ಬದಿಗೆ ಸೋಲಾರ್ ಬೇಲಿ.
ಬಲೆ ತಡೆಯುವುದು ಚೆಂಡನ್ನು.
ನೂರು, ನೂರೈವತ್ತು ಎಂದು ನೆಟ್ಟ ಬೋರ್ಡು
ಆನೆಗೆ ಮೈ ತಿಕ್ಕಲು ಆದೀತು.

ಆದಾಯ: ಬಕೆಟ್ಟಿಗೆ ಐವತ್ತು ಚೆಂಡು, ಇನ್ನೂರು ರೂಪಾಯಿ.
ಶನಿವಾರ ರೆಸಾರ್ಟಿನವರು,
ಪಾಲಿಬೆಟ್ಟದ ಕಡೆಯ ಇಬ್ಬರು ಮೂವರು ಮ್ಯಾನೇಜರು.
ಜೂನಿನಿಂದ ಸೆಪ್ಟೆಂಬರಿಗೆ ಎಷ್ಟು ಬರೆಯಲಿ ಅಂದೆ.
'ಸೊನ್ನೆ. ಸುಳ್ಳು ಬರೆಯಬೇಡ.'

ಮತ್ಯಾಕೆ ಮಾವ, ಎಂದು ಕೇಳಿಬಿಟ್ಟೆ;
ಸಾಲದ ಗುಮಾಸ್ತೆ ಕೇಳಬಾರದ ಪ್ರಶ್ನೆ.
ಅವರು ಚೆಂಡನ್ನು ಮತ್ತೆ ಕೈಗೆತ್ತಿಕೊಂಡರು.
ಮಹೂ ದಂಡಿನಲ್ಲಿ ಎರಡು ವರ್ಷ
ಕರ್ನಲ್ ಸಾಹೇಬರ ಚೀಲ ಹೊತ್ತಿದ್ದರಂತೆ.
ಒಂದು ಸಂಜೆ ಸಾಹೇಬರು ಕೋಲು ಕೊಟ್ಟು
'ಬೆಳ್ಯಪ್ಪ, ನೀನೂ ಒಂದು ಹೊಡಿ' ಅಂದರಂತೆ.
'ಹೊಡೆದೆ. ನಾನು ನೋಡುವಷ್ಟು ಹೊತ್ತೂ
ಅದು ಕೆಳಗೆ ಬೀಳಲಿಲ್ಲ ಮಗಳೇ.'
ಷರಾ ಕಾಲಂ ಖಾಲಿಯಿತ್ತು.
ಬರೆಯಲಿಲ್ಲ.

ಆದಿತ್ಯವಾರ ಸ್ಥಳ ಪರಿಶೀಲನೆ.
ಮಾವ ಏರಿಯ ಮೇಲೆ ಕಾಲು ಅಗಲಿಸಿ ನಿಂತರು,
ಎಪ್ಪತ್ತೊಂದರ ಸೊಂಟ ಕಿರುಗುಟ್ಟುತ್ತ ತಿರುಗಿತು.
ಟಪ್.
ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು.
ನೂರು ಗಜವೋ, ಇನ್ನೂ ಕಮ್ಮಿಯೋ;
ಆಪು ಹುಲ್ಲಿನಲ್ಲಿ ಒಂದು ಸಣ್ಣ ತೂತು,
ಆಮೇಲೆ ಕಪ್ಪೆಗಳು ಮತ್ತೆ ಶುರು.

ಏಡಿ ಹಿಡಿಯಲು ಬಂದಿದ್ದಳು ಹಾಡಿಯ ಚೋಮಿ.
ನಮ್ಮನ್ನು ಕೇಳದೆಯೇ ಮೊಣಕಾಲುದ್ದ ಇಳಿದು,
ಮೊಣಕೈವರೆಗೆ ಕೈ ತೂರಿಸಿ,
ಎರಡನೇ ಸಲಕ್ಕೆ ತಂದಳು.
ಸೆರಗಿಗೆ ಒರೆಸಿ, ತಿರುಗಿಸಿ ನೋಡಿ,
'ಇದನ್ನು ಹೆಕ್ಕಲು ಕೂಲಿ
ದಿನಕ್ಕೋ, ಕೆಜಿಗೋ?' ಎಂದಳು.
ಉದುರು ಕಾಫಿ ಹೆಕ್ಕುವವಳ ಲೆಕ್ಕ.
ಆ ಸಾಲನ್ನೇ ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ.

ಮಾವ ಅಂಗೈಯಲ್ಲಿ ತೂಗಿದರು:
'ಕೆಜಿಗೆ ಇಪ್ಪತ್ತೆರಡು ಬಂದೀತು.'
ಅವಳು ಗದ್ದೆಯನ್ನೊಮ್ಮೆ, ಚೆಂಡನ್ನೊಮ್ಮೆ ನೋಡಿ
ಮನಸ್ಸಿನಲ್ಲೇ ಗುಣಿಸತೊಡಗಿದಳು. ನಾನೂ.
ಅವಳದು ಮೊದಲು ಮುಗಿಯಿತು.
'ದಿನಗೂಲಿ' ಎಂದಳು,
ಏಡಿಯ ಪಾತ್ರೆ ಸೊಂಟಕ್ಕಿಟ್ಟು
ಏರಿ ಹತ್ತಿದಳು.